ಹೊಟ್ಟೆ ಕರಗಿಸಲು ಪ್ರೋಟೀನು: ಎಷ್ಟಾದರೆ ಹಿತ, ಎಷ್ಟಾದರೆ ಅತಿ?

ತುಮರಿ: 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಶರಾವತಿ ಹಿನ್ನೀರಿನ ಈಚೆ ದಡದ ಜನ ಲಾಂಚಿಗೆ ಕಾಯುವ ಕಾಲ ಮುಗಿಯಿತು. ಬಸ್ಸು ಹತ್ತಿದರೆ ಸಾಗರ. ಪೇಟೆಯ ಸರಕು ಬರುವ ದಾರಿಯಲ್ಲೇ ಪೇಟೆಯ ಚಿಂತೆಯೂ ಬರುತ್ತದೆ. ಅದರಲ್ಲೊಂದು, ಹೊಟ್ಟೆ ಕರಗಿಸುವುದು ಹೇಗೆ ಎಂಬ ಚಿಂತೆ.

ಗಲ್ಲಾಪೆಟ್ಟಿಗೆ ಮುಂದೆ ಬೆಳಗಿನಿಂದ ರಾತ್ರಿವರೆಗೆ ಕೂರುವವನಿಗೆ, ದಿನಾ ಬಸ್ಸಿನಲ್ಲಿ ಹೋಗಿಬರುವವನಿಗೆ ಹೊಟ್ಟೆ ಬರುವುದು ಹೊಸ ಸುದ್ದಿಯಲ್ಲ. ಹೊಸದೆಂದರೆ ಮೊಬೈಲಿನೊಳಗಿನ ಉಪದೇಶ. "ಅನ್ನ ಬಿಡಿ, ಪ್ರೋಟೀನು ಹಿಡಿ" ಎನ್ನುತ್ತಾನೆ ಅಲ್ಲಿನ ಪೈಲ್ವಾನ. ಶಾಲೆ ಪುಸ್ತಕದಲ್ಲಿ ಸಸಾರಜನಕ ಎಂದು ಓದಿದ್ದು ಈಗ ಸಾವಿರಾರು ರೂಪಾಯಿಯ ಡಬ್ಬಿಯಾಗಿದೆ. ಉಪದೇಶದಲ್ಲಿ ಅರ್ಧ ನಿಜ ಉಂಟು. ಉಳಿದರ್ಧವನ್ನು ಮಾತ್ರ ಯಾರೂ ಹೇಳುವುದಿಲ್ಲ.

ಅರ್ಧ ನಿಜ ಯಾವುದು?

ಉಣ್ಣುವುದನ್ನು ಕಡಿಮೆ ಮಾಡಿದಾಗ ಮೈಯಲ್ಲಿ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ. ಪ್ರೋಟೀನು ಸಾಕಷ್ಟಿದ್ದು, ಕೈಕಾಲಿಗೆ ಕೆಲಸವೂ ಇದ್ದರೆ ಮಾಂಸಖಂಡ ಉಳಿದು ಕೊಬ್ಬು ಹೋಗುತ್ತದೆ. ಪ್ರೋಟೀನು ತಿಂದರೆ ಬೇಗ ಹಸಿವೂ ಆಗುವುದಿಲ್ಲ. ಆದ್ದರಿಂದ ತೂಕ ಇಳಿಸುವವರಿಗೆ ಅದು ಮಾಮೂಲಿಗಿಂತ ಸ್ವಲ್ಪ ಜಾಸ್ತಿ ಬೇಕು ಎಂಬುದು ಸುಳ್ಳಲ್ಲ.

ನಮ್ಮ ತಟ್ಟೆಯ ದೋಷವೂ ಅದೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಅಧ್ಯಯನದ ಲೆಕ್ಕ 2025ರಲ್ಲಿ ಹೊರಬಿತ್ತು. ನಮ್ಮವರು ಉಣ್ಣುವ ಕ್ಯಾಲೊರಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಅನ್ನ, ಗೋಧಿ, ಸಕ್ಕರೆಯಂಥ ಪಿಷ್ಟದ್ದು. ಪ್ರೋಟೀನಿನದು ಬರೀ 12. ಅನ್ನದ ಗುಡ್ಡ, ಅದರ ಮೇಲೆ ನೀರು ಸಾರು. ಇದು ಮಲೆನಾಡಿನ ಮನೆಗೂ ಸಲ್ಲುವ ಮಾತಲ್ಲವೆ?

ಲೆಕ್ಕ ಹೀಗಿದೆ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಗೊತ್ತುಮಾಡಿದ ಪ್ರಮಾಣ, ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ. 70 ಕಿಲೋ ತೂಗುವವನಿಗೆ 58 ಗ್ರಾಂ ಆಯಿತು. ತೂಕ ಇಳಿಸುವವರಿಗೆ ತಜ್ಞರು ಸಾಮಾನ್ಯವಾಗಿ ಹೇಳುವುದು ಕಿಲೋಗೆ 1.2ರಿಂದ 1.6 ಗ್ರಾಂ. ಅಂದರೆ ಅದೇ ಮನುಷ್ಯನಿಗೆ 84ರಿಂದ 112 ಗ್ರಾಂ.

ಕಿಲೋಗೆ 2 ಗ್ರಾಂವರೆಗೆ ತಿಂದರೂ ಕಿಡ್ನಿ ಗಟ್ಟಿ ಇರುವವನಿಗೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆದರೆ ತೂಕ ಇಳಿಸುವ ಮಾಮೂಲಿ ಮನುಷ್ಯನಿಗೆ ಅಷ್ಟರಿಂದ ಹೆಚ್ಚಿನ ಲಾಭವೂ ಇಲ್ಲ. ಇನ್ನೊಂದು ಮಾತು. 90 ಕಿಲೋ ಇರುವವನು 90ಕ್ಕೆ ಲೆಕ್ಕ ಹಾಕಬಾರದು. ಎತ್ತರಕ್ಕೆ ತಕ್ಕ ತೂಕ 70 ಆದರೆ 70ಕ್ಕೇ ಹಾಕಬೇಕು. ಬೊಜ್ಜಿಗೂ ಪ್ರೋಟೀನು ಬಡಿಸುವ ಅಗತ್ಯವಿಲ್ಲ.

ಜಾಸ್ತಿಯಾದದ್ದು ಎಲ್ಲಿಗೆ ಹೋಗುತ್ತದೆ?

ಹೆಚ್ಚಾದ ಪ್ರೋಟೀನನ್ನು ಕೂಡಿಡಲು ಮೈಯಲ್ಲಿ ಉಗ್ರಾಣವಿಲ್ಲ. ಲಿವರ್ ಅದನ್ನು ಒಡೆಯುತ್ತದೆ. ಅದರ ಸಾರಜನಕ ಯೂರಿಯಾ ಆಗುತ್ತದೆ, ಯೂರಿಯಾವನ್ನು ಕಿಡ್ನಿ ಹೊರಗೆ ಹಾಕಬೇಕು. ಉಳಿದದ್ದು ಕ್ಯಾಲೊರಿ. ಗ್ರಾಂಗೆ 4, ಅಕ್ಕಿಯ ಪಿಷ್ಟದಷ್ಟೇ. ಊಟ ಮುಗಿಸಿ ಮೇಲೆ ಎರಡು ಲೋಟ ಪುಡಿ ಕುಡಿದರೆ ತೂಕ ಇಳಿಯುವುದಿಲ್ಲ, ಏರುತ್ತದೆ.

ಗಟ್ಟಿ ಕಿಡ್ನಿ ಈ ಕೆಲಸ ಮಾಡಿಕೊಂಡು ಹೋಗುತ್ತದೆ. ಸೋತ ಕಿಡ್ನಿಗೆ ಅದೇ ಹೊರೆ. ಪೇಚಿರುವುದು ಇಲ್ಲೇ. ಕಿಡ್ನಿ ಸೋಲುವಾಗ ಮೊದಮೊದಲು ನೋವಿಲ್ಲ, ಊತವಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಇರುವವರಲ್ಲಿ ಅದು ಸದ್ದಿಲ್ಲದೆ ನಡೆದಿರುತ್ತದೆ. ಹೊಟ್ಟೆ ಬಂದವರಲ್ಲೇ ಈ ಎರಡು ಕಾಯಿಲೆ ಜಾಸ್ತಿ, ಡಬ್ಬಿ ಹುಡುಕುವವರೂ ಅವರೇ. ಕಿಡ್ನಿ ಸೋತವರಿಗೆ ವೈದ್ಯರು ಪ್ರೋಟೀನನ್ನು ಕಿಲೋಗೆ 0.6ರಿಂದ 0.8 ಗ್ರಾಂಗೆ ಇಳಿಸುವುದುಂಟು. ಅಂಥವರು ಮೊಬೈಲು ನೋಡಿ 2 ಗ್ರಾಂ ತಿಂದರೆ ಗತಿಯೇನು?

ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್ ಎಂಬ ಎರಡು ಪರೀಕ್ಷೆಯಿಂದ ಗುಟ್ಟು ಗೊತ್ತಾಗುತ್ತದೆ. ಡಬ್ಬಿಯ ದುಡ್ಡಿಗೆ ಹೋಲಿಸಿದರೆ ಪರೀಕ್ಷೆಯ ಖರ್ಚು ಸಣ್ಣದು.

ಪ್ರೋಟೀನೊಂದನ್ನೇ ನಂಬಿದವರು

ಅಮೆರಿಕದಲ್ಲಿ 1976ರಲ್ಲಿ ರಾಬರ್ಟ್ ಲಿನ್ ಎಂಬ ವೈದ್ಯ ಪುಸ್ತಕ ಬರೆದು, ದ್ರವರೂಪದ ಪ್ರೋಟೀನು ಕುಡಿದೇ ತೂಕ ಇಳಿಸುವ ಪಥ್ಯ ಪ್ರಚಾರ ಮಾಡಿದ. ಕಸಾಯಿಖಾನೆಯಲ್ಲಿ ಉಳಿದ ಚರ್ಮ, ನರಗಳಿಂದ ತಯಾರಾದ ದ್ರವ ಅದು. ಜನ ಊಟ ಬಿಟ್ಟು ತಿಂಗಳುಗಟ್ಟಲೆ ಅದನ್ನೇ ಕುಡಿದರು. ತೂಕವೇನೋ ಸರ್ರನೆ ಇಳಿಯಿತು. 1977ರ ಹೊತ್ತಿಗೆ ಹೃದಯ ನಿಂತು ಸತ್ತವರ ಸುದ್ದಿ ಬರತೊಡಗಿ, ಸುಮಾರು 60 ಸಾವು ವರದಿಯಾದವು. ಅವರನ್ನು ಕೊಂದದ್ದು ಬರೀ ಹೆಚ್ಚಿನ ಪ್ರೋಟೀನಲ್ಲ. ಪ್ರೋಟೀನೂ ಕಳಪೆ, ಅನ್ನವೂ ಇಲ್ಲ, ಖನಿಜವೂ ಸಾಲದು.

ಇಂದಿನ ಪುಡಿ ಅದಲ್ಲ, ಹಾಲು ಸೋಯಾದಿಂದ ಆದದ್ದು ನಿಜ. ಆದರೆ ಡಬ್ಬಿಯ ಮೇಲೆ ಬರೆದದ್ದೆಲ್ಲ ಒಳಗಿರುತ್ತದೆಂಬ ಭರವಸೆ ಬೇಡ. 2024ರಲ್ಲಿ ಕೇರಳದ ವೈದ್ಯರ ತಂಡ ದೇಶದಲ್ಲಿ ಮಾರುವ 36 ಬಗೆಯ ಪುಡಿ ಪರೀಕ್ಷಿಸಿತು. ನೂರಕ್ಕೆ ಸುಮಾರು 70ರಲ್ಲಿ ಲೇಬಲಿನ ಲೆಕ್ಕ ತಾಳೆಯಾಗಲಿಲ್ಲ. ಕೆಲವದರಲ್ಲಿ ಬೂಷ್ಟಿನ ವಿಷವೂ ಸಿಕ್ಕಿತು. ಅದೇ ವರ್ಷ ಪೋಷಣಾ ಸಂಸ್ಥೆಯೂ ಇಂಥ ಪುಡಿ ದಿನಾ ಸೇವಿಸುವುದು ಬೇಡ ಎಂದು ತನ್ನ ಸೂಚನೆಯಲ್ಲಿ ಹೇಳಿತು. ಡಬ್ಬಿ ಮಾರುವ ಅಂಗಡಿಯವರೂ ಇದನ್ನು ತಿಳಿದಿದ್ದರೆ ಗಿರಾಕಿಗೆ ಉಪಕಾರ.

ಡಬ್ಬಿ ಇಲ್ಲದೆ ಆಗುತ್ತದೆಯೆ?

ಧಾರಾಳವಾಗಿ. ದಿನಕ್ಕೆ 200 ಗ್ರಾಂ ಅಕ್ಕಿಯಲ್ಲಿ 16 ಗ್ರಾಂ ಪ್ರೋಟೀನು. 50 ಗ್ರಾಂ ತೊಗರಿಬೇಳೆ ಮತ್ತು 50 ಗ್ರಾಂ ಹುರುಳಿಕಾಳಿನಿಂದ 22. ಹಾಲು ಮೊಸರು ಸೇರಿ 400 ಮಿಲಿಗೆ 13. ಎರಡು ಮೊಟ್ಟೆಗೆ ಇನ್ನೊಂದು 13. ಹಿನ್ನೀರಿನ ಮೀನು 100 ಗ್ರಾಂ ಆದರೆ 18ರಷ್ಟು. ಒಂದು ಹಿಡಿ ಕಡಲೇಕಾಯಿ ಬೀಜಕ್ಕೆ 7. ಕೂಡಿದರೆ 89. ಎಪ್ಪತ್ತು ಕಿಲೋದವನ ತೂಕ ಇಳಿಸುವ ಲೆಕ್ಕ ಇಲ್ಲಿಗೇ ಮುಗಿಯಿತು.

ಮೀನು, ಮೊಟ್ಟೆ ಮುಟ್ಟದ ಮನೆಯಲ್ಲಿ 30 ಗ್ರಾಂ ಸೋಯಾ ಉಂಡೆ, ಇನ್ನೊಂದು ದೊಡ್ಡ ಲೋಟ ಮಜ್ಜಿಗೆಯಲ್ಲ, ಮೊಸರು ಸೇರಿಸಿದರೆ 80ರ ಆಸುಪಾಸು ಬರುತ್ತದೆ. ಕಾಳು ಒಂದು ಹಿಡಿ ಹೆಚ್ಚಿಸಿದರೆ ಪೂರ್ತಿ. ಹುರುಳಿ ಬೇಯಿಸಿದ ಕಟ್ಟಿನ ಸಾರು ಉಂಡು ಕಾಳನ್ನು ದನಕ್ಕೆ ಹಾಕುವ ಮನೆಗಳು ಕಾಳನ್ನು ತಟ್ಟೆಗೆ ಹಾಕಿಕೊಳ್ಳಲಿ. ಪ್ರೋಟೀನು ಹೆಚ್ಚಿರುವುದು ಕಾಳಿನಲ್ಲೇ.

ಅನ್ನದ ಗುಡ್ಡ ಇಳಿದರೆ, ಕಾಳಿನ ಪಾಲು ಏರಿದರೆ, ಬಸ್ಸಿಗೆ ಒಂದು ಸ್ಟಾಪು ಮುಂದೆ ನಡೆದು ಹತ್ತಿದರೆ ಹೊಟ್ಟೆ ನಿಧಾನಕ್ಕೆ ಕರಗುತ್ತದೆ. ಸಕ್ಕರೆ, ಬಿಪಿ, ಕಿಡ್ನಿ ಕಲ್ಲು ಇರುವವರು ಮಾತ್ರ ಪ್ರೋಟೀನು ಹೆಚ್ಚಿಸುವ ಮೊದಲು ಡಾಕ್ಟರನ್ನು ಕಾಣಬೇಕು. ಹಿಂದೆ ಸಂಜೆಯ ಕೊನೆ ಲಾಂಚು ತಪ್ಪಿದರೆ ಆಸ್ಪತ್ರೆ ದೂರವಾಗುತ್ತಿತ್ತು. ಈಗ ಸೇತುವೆ ಇದೆ. ಡಬ್ಬಿ ತರಲು ಸಾಗರಕ್ಕೆ ಹೋಗುವವರು ಮೊದಲು ರಕ್ತಪರೀಕ್ಷೆ ಮಾಡಿಸಿಕೊಂಡು ಬರಲಿ.