ಹಳೆಯ ಜಾವಾಕ್ಕೆ ಯಾವ ಪಿಸ್ಟನ್?

ನಾಗನೂರ, ಮೂಡಲಗಿ, ಗೋಕಾಕ ಕಡೆಯ ಯಾವುದಾದರೂ ಮನೆಯ ಕೊಟ್ಟಿಗೆಯಲ್ಲಿ ಹಳೆಯ ಜಾವಾ ಅಥವಾ ಯೆಜ್ಡಿ ಗೋಣಿತಟ್ಟು ಹೊದ್ದು ನಿಂತಿದ್ದರೆ, ಅದನ್ನು ಮತ್ತೆ ರಸ್ತೆಗಿಳಿಸುವ ಆಸೆ ಆ ಮನೆಯ ಹುಡುಗರಿಗೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ಬಣ್ಣ ಬಳಿಸುವುದು, ಸೀಟು ಹೊಲಿಸುವುದು ಬರಿಯ ಹಣದ ಮಾತು. ಎಂಜಿನ್ ಬಿಚ್ಚಿದ ಮೇಲೆ ಎದುರಾಗುವ ಪ್ರಶ್ನೆ ಹಾಗಲ್ಲ. ಯಾವ ಪಿಸ್ಟನ್ ಹಾಕಬೇಕು ಎಂಬಲ್ಲಿ ಎಡವಿದರೆ ಪಿಸ್ಟನ್ನಿನ ಜೊತೆಗೆ ಸಿಲಿಂಡರ್ ಬ್ಲಾಕೂ ಹೋಗುತ್ತದೆ. ಆ ಬ್ಲಾಕನ್ನು ತಯಾರಿಸುತ್ತಿದ್ದ ಮೈಸೂರಿನ ಕಾರ್ಖಾನೆ ಈಗ ಇಲ್ಲ.

ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಜೆಕ್ ದೇಶದ ಮಾದರಿಯನ್ನು 1960ರ ದಶಕದ ಆರಂಭದಿಂದ ಇಲ್ಲಿ ತಯಾರಿಸಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಿನ ಹೊಸ ಬೈಕುಗಳು ಬಂದವಾದರೂ ಅವು ನಾಲ್ಕು ಸ್ಟ್ರೋಕಿನವು. ಅವುಗಳ ಪಿಸ್ಟನ್ ಹಳೆಯದಕ್ಕೆ ಕೂಡುವುದಿಲ್ಲ.

ಹಳೆಯ 250ರ ಸಿಲಿಂಡರಿನ ಒಳವ್ಯಾಸ 65 ಮಿಲಿಮೀಟರ್. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 75 ಮಿಲಿಮೀಟರ್. ವರ್ಷಗಟ್ಟಲೆ ಓಡಿದ ಮೇಲೆ ಸಿಲಿಂಡರಿನ ಗೋಡೆ ಸವೆಯುತ್ತದೆ, ಅದೂ ಎಲ್ಲ ಕಡೆ ಒಂದೇ ಸಮನಲ್ಲ. ದುಂಡಗಿದ್ದದ್ದು ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಆಗ ಬೋರಿಂಗ್ ಮಾಡಿಸಿ ಒಳಗೋಡೆಯನ್ನು ಮತ್ತೆ ದುಂಡಗೆ ಕೊರೆಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಸಾಮಾನ್ಯವಾಗಿ ಇವು ಕಾಲು ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ಬರುತ್ತವೆ: 65.25, 65.50, 65.75, 66. ಒಮ್ಮೆ ಕೊರೆದ ಲೋಹ ಮರಳಿ ಬಾರದು. ಕಾಲು ಮಿಲಿಮೀಟರಿನಲ್ಲಿ ಸರಿಹೋಗುವ ಬ್ಲಾಕಿಗೆ 'ಅಂಗಡಿಯಲ್ಲಿ ಅದೇ ಇತ್ತು' ಎಂದು ಒಂದು ಮಿಲಿಮೀಟರಿನ ಪಿಸ್ಟನ್ ತಂದು ಹಾಕಿದರೆ ಮೂರು ಸಲದ ಆಯುಷ್ಯ ಒಂದೇ ಸಲಕ್ಕೆ ಖರ್ಚಾದಂತೆ.

ಅಮೆರಿಕದಲ್ಲಿ 1960ರ ದಶಕದ 'ಮಸಲ್ ಕಾರು'ಗಳನ್ನು ರಿಪೇರಿ ಮಾಡುವವರು ಬಲ ಹೆಚ್ಚಲೆಂದೇ ಬೋರ್ ದೊಡ್ಡದು ಮಾಡಿಸುವುದುಂಟು. ನಮ್ಮ ಜಾವಾದಲ್ಲಿ ಆ ಲೆಕ್ಕ ನಡೆಯದು. 65ರಿಂದ 66 ಮಿಲಿಮೀಟರಿಗೆ ಹೋದರೂ ಎಂಜಿನ್ ಹಿಗ್ಗುವುದು ಎಂಟು ಸಿಸಿಗಿಂತ ಕಡಿಮೆ.

ಆ ಕಾರುಗಳ ಚರ್ಚೆಯಿಂದ ನಮಗೆ ಬೇಕಾದದ್ದು ಇನ್ನೊಂದು. ಪಿಸ್ಟನ್ ಎರಕದ್ದೋ, ಬಡಿದು ಮಾಡಿದ್ದೋ ಎಂಬುದು. ಬಡಿದು ಮಾಡಿದ್ದು ಹೆಚ್ಚು ಗಟ್ಟಿ, ಆದರೆ ಸಾಮಾನ್ಯವಾಗಿ ಬಿಸಿಗೆ ಹೆಚ್ಚು ಹಿಗ್ಗುತ್ತದೆ. ಸಿಲಿಕಾನ್ ಬೆರೆತ ಎರಕದ ಅಲ್ಯೂಮಿನಿಯಂ ಕಡಿಮೆ ಹಿಗ್ಗುತ್ತದೆ. ದಿನನಿತ್ಯ ಓಡಿಸುವ ಜಾವಾಕ್ಕೆ ಒಳ್ಳೆಯ ಎರಕದ ಪಿಸ್ಟನ್ ಸಾಕು, ಪಂದ್ಯಕ್ಕೆ ಹೋಗುವ ಗಾಡಿಯ ಸಾಮಾನು ಇದಕ್ಕೆ ಬೇಡ.

ಹಿಗ್ಗುವ ಮಾತು ಸಣ್ಣದಲ್ಲ. ಬ್ಲಾಕು ಬೀಡು ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಮ್ಮಿನದು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಎರಡರ ನಡುವೆ ಬಿಡುವ ಸಂದು ಹೆಚ್ಚು ಕಡಿಮೆ ಒಂದು ತಲೆಗೂದಲಿನ ದಪ್ಪದ್ದು. ಅದು ಕಡಿಮೆಯಾದರೆ ಬೇಸಗೆಯ ಮಧ್ಯಾಹ್ನ ಏರು ರಸ್ತೆಯಲ್ಲಿ ಪಿಸ್ಟನ್ ಕಚ್ಚಿಕೊಂಡು ಹಿಂದಿನ ಗಾಲಿ ತಟ್ಟನೆ ನಿಲ್ಲುತ್ತದೆ. ಸವಾರನ ಜೀವಕ್ಕೇ ಅಪಾಯ. ಹೆಚ್ಚಾದರೆ ಖಟಖಟ ಸದ್ದು, ಜೊತೆಗೆ ಬೇಗ ಸವೆತ. ಆದ್ದರಿಂದ ಮೊದಲು ಪಿಸ್ಟನ್ ಕೈಗೆ ಬರಬೇಕು, ಆಮೇಲೆ ಬೋರಿಂಗ್. ಬೆಳಗಾವಿಯ ವರ್ಕ್‌ಶಾಪಿಗೆ ಬರಿಯ ಬ್ಲಾಕು ಒಯ್ದು '65.50 ಮಾಡಿಕೊಡಿ' ಎಂದರೆ ಸಾಲದು. ಡಬ್ಬಿಯ ಮೇಲೆ ಅಚ್ಚಾದ ಅಳತೆಯನ್ನು ನಂಬದೆ, ಆ ಪಿಸ್ಟನ್ನನ್ನೇ ಮೈಕ್ರೋಮೀಟರಿನಲ್ಲಿ ಅಳೆದು ಅದಕ್ಕೆ ಸರಿಯಾಗಿ ಕೊರೆಯಬೇಕು.

ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಇನ್ನೂ ಒಂದು ತೊಡಕಿದೆ. ಇಲ್ಲಿ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ತೆರೆದು ಮುಚ್ಚುವ ಕೆಲಸವನ್ನೂ ಪಿಸ್ಟನ್ನೇ ಮಾಡುತ್ತದೆ. ವ್ಯಾಸ ಸರಿಯಿದ್ದರೂ ಪಿನ್ನಿನಿಂದ ತಲೆಯವರೆಗಿನ ಎತ್ತರ ಅಥವಾ ಕೆಳಗಿನ ಅಂಚಿನ ಉದ್ದ ಬೇರೆಯಾದರೆ ಕಿಂಡಿ ತೆರೆಯುವ ಹೊತ್ತೇ ತಪ್ಪುತ್ತದೆ, ಗಾಡಿ ಎಳೆಯುವುದಿಲ್ಲ. ರಿಂಗಿನ ತುದಿಗಳು ತಿರುಗಿ ಕಿಂಡಿಗೆ ಸಿಕ್ಕಿಕೊಳ್ಳದಂತೆ ತಡೆಯುವ ಪುಟ್ಟ ಮೊಳೆಯೂ ಸರಿಯಾದ ಜಾಗದಲ್ಲಿರಬೇಕು. ಅಗ್ಗದ ನಕಲಿ ಸಾಮಾನಿನಲ್ಲಿ ಈ ಮೊಳೆ ಸಡಿಲವಿದ್ದರೆ ರಿಂಗು ಮುರಿದು ಹೊಸ ಬೋರನ್ನು ಗೀರಿಬಿಡುತ್ತದೆ. ಹಳೆಯ ಪಿಸ್ಟನ್ನನ್ನು ಗುಜರಿಗೆ ಹಾಕದೆ ಜೇಬಿನಲ್ಲಿಟ್ಟುಕೊಂಡು ಹೋಗಿ, ಪಕ್ಕದಲ್ಲಿಟ್ಟು ಹೋಲಿಸಿ ಕೊಳ್ಳುವುದು ಜಾಣತನ. ತೂಕವನ್ನೂ ನೋಡಬೇಕು, ಭಾರ ಬದಲಾದರೆ ಹ್ಯಾಂಡಲ್ ನಡುಗುವುದು ಹೆಚ್ಚಬಹುದು.

ಕೊರೆಯಲು ಲೋಹವೇ ಉಳಿಯದ ಬ್ಲಾಕಿಗೂ ಒಂದು ದಾರಿಯಿದೆ. ಒಳಗೆ ಬೀಡು ಕಬ್ಬಿಣದ ಹೊಸ ಸ್ಲೀವ್ ಕೂರಿಸಿ, ಕಿಂಡಿಗಳನ್ನು ಮೊದಲಿನ ಜಾಗದಲ್ಲೇ ಕತ್ತರಿಸಿ, ಮತ್ತೆ 65 ಮಿಲಿಮೀಟರಿನಿಂದಲೇ ಆರಂಭಿಸಬಹುದು. ಖರ್ಚು ಹೆಚ್ಚು, ಕುಶಲಿಯಾದ ಟರ್ನರ್ ಬೇಕು. ಕಿಂಡಿ ಒಂದೆರಡು ಮಿಲಿಮೀಟರ್ ಸರಿದರೂ ಜಾವಾ ಜಾವಾದಂತೆ ಓಡುವುದಿಲ್ಲ.