ನೀರಿಲ್ಲದ ಜಳಕಕ್ಕೆ ಇಳಕಲ್ ಕಲ್ಲು

ನೀರೇ ಇಲ್ಲದೆ ಜಳಕ ಮಾಡುವವರಿದ್ದಾರೆ! ಜಪಾನಿನಲ್ಲಿ ಇದಕ್ಕೆ ‘ಗಾನ್‌ಬಾನ್‌ಯೋಕು’ ಅಂತಾರೆ. ಗಾನ್‌ಬಾನ್ ಅಂದರೆ ಬಂಡೆ, ಯೋಕು ಅಂದರೆ ಸ್ನಾನ. ಬಿಸಿ ಮಾಡಿದ ಕಲ್ಲಿನ ಮೇಲೆ ಟವೆಲ್ ಹಾಸಿ, ಹತ್ತಿ ಬಟ್ಟೆ ತೊಟ್ಟು ಹತ್ತು–ಹದಿನೈದು ನಿಮಿಷ ಮಲಗುವುದು, ಬೆವರುವುದು, ಎದ್ದು ನೀರು ಕುಡಿದು ಮತ್ತೆ ಮಲಗುವುದು. ಅಕಿತಾ ಪ್ರಾಂತ್ಯದ ತಮಾಗಾವಾದಲ್ಲಂತೂ ಕಲ್ಲು ಕಾಯಿಸುವ ಕೆಲಸವೇ ಇಲ್ಲ. ಜ್ವಾಲಾಮುಖಿಯ ಶಾಖಕ್ಕೆ ನೆಲವೇ ಕಾದಿರುತ್ತದೆ. ಜನ ಚಾಪೆ ತಂದು ಬಯಲಲ್ಲೇ ಮಲಗುತ್ತಾರೆ.

ಇದನ್ನು ಕೇಳಿ ನಮ್ಮಜ್ಜಿ ನಕ್ಕಳು. ‘ಅದಕ್ಕ ಅಲ್ಲೀತನಕ ಯಾಕ ಹೋಗಬೇಕೋ? ಏಪ್ರಿಲ್‌ದಾಗ ನಮ್ಮ ಮಾಳಗಿ ಹತ್ತು.’ ಮಟಮಟ ಮಧ್ಯಾಹ್ನ ಬಾದಾಮಿಯ ಮೇಣಬಸದಿಯ ಮೆಟ್ಟಿಲಿಗೆ ಬರಿಗಾಲಿಟ್ಟವರಿಗೂ ಇದು ಗೊತ್ತು.

ಬಿಇ ಓದುವವನಿಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. ಇಳಕಲ್ ಸೀಮೆಯ ಕೆಂಪು ಗ್ರಾನೈಟ್ ವಿದೇಶಕ್ಕೂ ಹೋಗುತ್ತದಲ್ಲ, ಅದರದೇ 6 ಅಡಿ ಉದ್ದ, 2 ಅಡಿ ಅಗಲ, 20 ಮಿ.ಮೀ. ದಪ್ಪದ ಹಾಸುಗಲ್ಲು ತಗೊಳ್ಳಿ. ತೂಕ ಸುಮಾರು 60 ಕೆ.ಜಿ. ಅದನ್ನು 30 ಡಿಗ್ರಿಯಿಂದ 42ಕ್ಕೆ ಏರಿಸಲು, ಸೋರಿ ಹೋಗುವ ಶಾಖ ಬಿಟ್ಟರೆ, ಕಾಲು ಯೂನಿಟ್ ಕರೆಂಟೂ ಬೇಡ. ಅಷ್ಟೇ ತೂಕದ ನೀರಿಗಾದರೆ ಐದು ಪಟ್ಟು ಬೇಕು. ಕಟ್ಟಿಗೆಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಗ್ರಾನೈಟ್ ಶಾಖ ದಾಟಿಸುವುದರಿಂದ ಮೈಗೆ ಬೇಗ ತಾಗುತ್ತದೆ.

ಬಿಗಿದ ಸ್ನಾಯು ಸಡಿಲಾಗುವುದು ನಿಜ. ಆದರೆ ‘ಬೆವರಿನಲ್ಲಿ ವಿಷ ಹೊರಹೋಗುತ್ತದೆ’ ಎಂಬ ಜಾಹೀರಾತು ನಂಬಬೇಡಿ. ಬೆವರೆಂದರೆ ಬಹುಪಾಲು ನೀರು, ಉಪ್ಪು. ವಿಷ ತೆಗೆಯುವ ಕೆಲಸ ಯಕೃತ್ತು, ಮೂತ್ರಪಿಂಡಗಳದ್ದು. 44 ಡಿಗ್ರಿಯ ಕಲ್ಲಿನ ಮೇಲೆ ತಾಸುಗಟ್ಟಲೆ ನಿದ್ದೆ ಹೋದರೆ ಚರ್ಮ ಸುಡಲೂಬಹುದು. ಗರ್ಭಿಣಿಯರು, ಹೃದ್ರೋಗಿಗಳು ವೈದ್ಯರನ್ನು ಕೇಳದೆ ಮಲಗುವಂತಿಲ್ಲ.

ಲೆಕ್ಕ ಮುಗಿಸಿದ ಮೇಲೆ ನನ್ನನ್ನು ಕಾಡಿದ್ದು ಕಲ್ಲು ಕೊಯ್ಯುವವರ ವಿಚಾರ. ಗ್ರಾನೈಟ್‌ನಲ್ಲಿ ಸಿಲಿಕಾ ಇದೆ. ಒಣಗಲ್ಲು ಕೊಯ್ದಾಗ ಏಳುವ ನುಣ್ಣನೆ ಧೂಳು ವರ್ಷಗಟ್ಟಲೆ ಎದೆಗಿಳಿದರೆ ಸಿಲಿಕೋಸಿಸ್ ಬರುತ್ತದೆ. ಅದು ಗುಣವಾಗುವ ಕಾಯಿಲೆಯಲ್ಲ, ತಡೆಯುವುದೊಂದೇ ದಾರಿ. ಕೊಯ್ಯುವ ಜಾಗಕ್ಕೇ ನೀರು ಬಿಟ್ಟರೆ ಧೂಳು ಬಹಳ ಕಡಿಮೆಯಾಗುತ್ತದೆ. ನಮ್ಮ ಜಿಲ್ಲೆಯ ಬೇಸಿಗೆಯಲ್ಲಿ ಅಷ್ಟು ನೀರು ಎಲ್ಲಿಂದ? ಬಳಸಿದ ನೀರನ್ನೇ ಸೋಸಿ ಮತ್ತೆ ಬಿಡಬೇಕು, ಕೈಯಂತ್ರಕ್ಕೂ ಹೊಂದಬೇಕು, ಸಣ್ಣ ಮಾಲೀಕರ ಕೈಗೂ ಎಟುಕಬೇಕು. ಬಿಸಿ ಹಾಸಿಗೆಯ ಪ್ರಾಜೆಕ್ಟ್ ಪಕ್ಕಕ್ಕಿಟ್ಟು ಇದನ್ನೇ ಎತ್ತಿಕೊಂಡಿದ್ದೇನೆ. ಸದ್ಯ ಕಲ್ಲಿನ ಕೆಸರಿಗೆ ಪಂಪು ಕಟ್ಟಿಕೊಳ್ಳುತ್ತಿದೆ. ಫಿಲ್ಟರ್ ಬಗ್ಗೆ ಗೊತ್ತಿರುವ ಗೆಳೆಯರಿದ್ದರೆ ಹೇಳಿ.