ಸ್ವಪ್ನಸ್ಖಲನದ ಭಯ

ಈ ವಿಷಯವನ್ನೆತ್ತಿದುದಕ್ಕೆ ವಾಚಕರು ಮನ್ನಿಸಬೇಕು. ಕಳೆದ ಮಾಘಮಾಸದಲ್ಲಿ ನಮ್ಮ ಹಳೆಯ ಶಿಷ್ಯನೊಬ್ಬನು ಲಗ್ನಪತ್ರಿಕೆಯೊಡನೆ ಬಂದನು. ಉಳಿದವರು ಎದ್ದುಹೋದ ಮೇಲೆ ತಲೆ ತಗ್ಗಿಸಿ, "ಮೇಷ್ಟ್ರೇ, ನಿದ್ರೆಯಲ್ಲಿ ಧಾತು ಹೋಗುತ್ತದೆ, ಮದುವೆ ನಿಲ್ಲಿಸಿಬಿಡಲೇ?" ಎಂದನು. ಗೋಡೆಯ ಮೇಲೆ ಜಾಹೀರಾತು ಬರೆಸುವ ವೈದ್ಯನೊಬ್ಬನಿಗೆ ಆಗಲೇ ಮೂರು ತಿಂಗಳ ಸಂಬಳವನ್ನು ತೆತ್ತಿದ್ದನು.

ಈ ಭಯಕ್ಕೆ ನಮ್ಮಂಥವರೂ ಹೊಣೆ. ಶುಕ್ರವು ಸಪ್ತಧಾತುಗಳಲ್ಲಿ ಕಡೆಯದು, ಅನ್ನದ ಸಾರವೆಂದು ತರಗತಿಯಲ್ಲಿ ಗಂಭೀರವಾಗಿ ಬೋಧಿಸಿದೆವು. ಮುಂದಿನದನ್ನು ಹೇಳಲು ನಾಚಿದೆವು. ಯೂರೋಪಿನವರೂ ಕಡಮೆಯಲ್ಲ: ಸ್ವಿಟ್ಜರ್ಲೆಂಡಿನ ವೈದ್ಯ ಟಿಸ್ಸೋ 1760ರಲ್ಲಿ ಹಸ್ತಮೈಥುನವನ್ನು ಕುರಿತು ಬರೆದ ಗ್ರಂಥವು ಅಲ್ಲಿಯ ಹುಡುಗರನ್ನು ಬಹುಕಾಲ ಹೆದರಿಸಿತು. ನಮ್ಮವರ ಈ ಕಳವಳಕ್ಕೆ 1960ರಲ್ಲಿ ಮನೋವೈದ್ಯ ನರೇಂದ್ರನಾಥ ವಿಗ್ ಅವರು 'ಧಾತ್ ಸಿಂಡ್ರೋಮ್' ಎಂಬ ಹೆಸರನ್ನಿಟ್ಟರು.

ನಿಜವೇನೆಂದರೆ, ವೃಷಣಗಳಲ್ಲಿ ವೀರ್ಯಾಣುಗಳು ದಿನದಿನವೂ ಕೋಟಿಗಟ್ಟಲೆ ಹುಟ್ಟುತ್ತಿರುವುವು. ಒಮ್ಮೆ ಹೊರಬೀಳುವ ದ್ರವವು ಸಾಮಾನ್ಯವಾಗಿ ಒಂದು ಚಹದ ಚಮಚೆಯನ್ನು ಮೀರದು. ಸ್ವಪ್ನಸ್ಖಲನದಿಂದಾಗಲಿ ಹಸ್ತಮೈಥುನದಿಂದಾಗಲಿ ಮೈಬಲವೂ ಕುಂದದು, ಸಂತಾನಶಕ್ತಿಯೂ ಕೆಡದು. ಉರಿಮೂತ್ರ, ಕೀವು, ಹುಣ್ಣುಗಳಿದ್ದರೆ ಮಾತು ಬೇರೆ. ಆಗ ಆಸ್ಪತ್ರೆಗೆ ಹೋಗತಕ್ಕದ್ದು.

ಇದೆಲ್ಲವನ್ನೂ ಹೇಳಿದ ಮೇಲೆ ಅವನ ಮುಖ ತಿಳಿಯಾಯಿತು. ಹೊಸಲು ದಾಟುವಾಗ ತಿರುಗಿ, "ಅವಳಿಗೂ ಸುಖವಾಯಿತೆಂದು ತಿಳಿಯುವುದು ಹೇಗೆ?" ಎಂದನು.

"ಅವಳನ್ನೇ ಕೇಳಪ್ಪಾ" ಎಂದೆವು. ಅದೊಂದು ಅವನಿಗೆ ಹೊಳೆದೇ ಇರಲಿಲ್ಲ.